ಬೋಕ್ಲಿನ್‌ನ ‘ಸತ್ತವರ ದ್ವೀಪ’: ಸಾವಿನ ಚಿತ್ರ ನೋಡಿ ಮನಸ್ಸು ತಣ್ಣಗಾಗುವುದು ಯಾಕೆ?

ಮಲೆಗೆರೆ:
ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡ್‌ನ ಚಿತ್ರಕಾರ ಅರ್ನಾಲ್ಡ್ ಬೋಕ್ಲಿನ್‌ನ ‘ಸತ್ತವರ ದ್ವೀಪ’ವನ್ನು ಇಲ್ಲಿ ತುಂಬಾ ಜನ ನೋಡಿರುತ್ತೀರಿ. ನೋಡದವರಿಗಾಗಿ ಹೇಳುತ್ತೇನೆ. ಅಲುಗಾಡದ ಕಡುಬಣ್ಣದ ನೀರು. ನಡುವೆ ಎತ್ತರದ ಬಂಡೆಗಳ ಪುಟ್ಟ ದ್ವೀಪ. ಬಂಡೆಯಲ್ಲೇ ಕೊರೆದ ಸಮಾಧಿ ಕೋಣೆಗಳು. ಮಧ್ಯದಲ್ಲಿ ಕಪ್ಪಗೆ, ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ಅದರ ಮುಂದೆ ಒಂದು ದೋಣಿ. ಹುಟ್ಟು ಹಾಕುವವನೊಬ್ಬ, ಬಿಳಿ ಬಟ್ಟೆ ಹೊದ್ದು ನಿಂತ ಒಂದು ಆಕೃತಿ, ಜೊತೆಗೆ ಬಿಳಿ ಶವಪೆಟ್ಟಿಗೆ. ಇಷ್ಟೇ ಚಿತ್ರ.

ಇದರ ಬಗ್ಗೆ ಬರೆದವರಲ್ಲಿ ಬಹಳ ಜನ ಒಂದು ಪಟ್ಟಿ ಕೊಟ್ಟುಬಿಡುತ್ತಾರೆ. ಸೈಪ್ರೆಸ್ ಎಂದರೆ ಸಾವು, ದೋಣಿ ಎಂದರೆ ಕೊನೆಯ ಪ್ರಯಾಣ, ನೀರು ಎಂದರೆ ಎರಡು ಲೋಕಗಳ ಗಡಿ. ಪಟ್ಟಿ ಪೂರ್ತಿ ಬಾಯಿಪಾಠ ಆದರೂ ನನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಾವಿನ ಚಿತ್ರ ಇದು, ಅಳು ಬರಬೇಕು, ಅಲ್ವಾ? ನನಗೆ ಸಮಾಧಾನ ಆಗುತ್ತದೆ. ಉಸಿರು ನಿಧಾನ ಆಗುತ್ತದೆ. ಆಮೇಲೆ ಎಷ್ಟೋ ಹೊತ್ತಿನ ಮೇಲೆ ಸಣ್ಣಗೆ ಹೆದರಿಕೆ ಶುರುವಾಗುತ್ತದೆ. ಈ ಎರಡೂ ಒಟ್ಟಿಗೆ ಆಗುವುದು ಹೇಗೆ? ನಿಮಗೆ ಏನನ್ನಿಸುತ್ತದೆ ಹೇಳಿ.

ಬಣ್ಣದ ಡಬ್ಬಿ:
ಒಳ್ಳೆಯ ಪ್ರಶ್ನೆ. ಮೊದಲು ಒಂದು ವಿಷಯ. ಇದು ಒಂದು ಚಿತ್ರ ಅಲ್ಲ, ಐದು. 1880ರಲ್ಲಿ ಎರಡು, ಆಮೇಲೆ 1883, 1884 ಮತ್ತು 1886ರಲ್ಲಿ ಒಂದೊಂದು. ಮೊದಲನೆಯದು ಈಗ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿದೆ. ಎರಡನೆಯದು ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ, ಮೂರನೆಯದು ಬರ್ಲಿನ್‌ನಲ್ಲಿ, ಐದನೆಯದು ಲೈಪ್‌ಜಿಗ್‌ನಲ್ಲಿ. ನಾಲ್ಕನೆಯದನ್ನು ತಾಮ್ರದ ತಗಡಿನ ಮೇಲೆ ಬರೆದಿದ್ದ. ಅದು ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಯಿತು, ಕಪ್ಪು-ಬಿಳುಪು ಫೋಟೋ ಮಾತ್ರ ಉಳಿದಿದೆ. ಮೊದಲೆರಡು ಕತ್ತಲೆ ಕತ್ತಲೆ. ಬರ್ಲಿನ್‌ನದರಲ್ಲಿ ಆಕಾಶ ಎಷ್ಟೋ ತಿಳಿ. ನೀವು ಹೇಳುವ ಸಮಾಧಾನ ಯಾವುದನ್ನು ನೋಡಿ ಆದದ್ದು?

ಮಲೆಗೆರೆ:
ಬಾಸೆಲ್‌ನದು. ಕಂಪ್ಯೂಟರ್ ಪರದೆ ಮೇಲೆ ನೋಡಿದ್ದು.

ನೇರಮಾತು:
ಅಷ್ಟು ಆಳಕ್ಕೆ ಇಳಿಯುವ ಅಗತ್ಯ ಇಲ್ಲ ಅನ್ನಿಸುತ್ತದೆ. ಐದು ಸಲ ಅದೇ ಚಿತ್ರ ಬರೆದಿದ್ದಾನೆ ಎಂದರೆ ಕೊಳ್ಳುವವರು ಇದ್ದರು, ಬರೆದ. ಅಷ್ಟೇ. ‘ಸತ್ತವರ ದ್ವೀಪ’ ಎಂಬ ಹೆಸರು ಕೂಡ ಅವನು ಅಧಿಕೃತವಾಗಿ ಇಟ್ಟಿದ್ದಲ್ಲ. 1883ರಲ್ಲಿ ಫ್ರಿಟ್ಜ್ ಗುರ್ಲಿಟ್ ಎಂಬ ಚಿತ್ರವ್ಯಾಪಾರಿ ಇಟ್ಟದ್ದು. ವ್ಯಾಪಾರಿ ಇಟ್ಟ ಹೆಸರನ್ನು ಓದಿಕೊಂಡು ನಾವು ಇಲ್ಲಿ ದುಃಖ, ತತ್ವ ಎಲ್ಲಾ ಹುಡುಕುತ್ತಿದ್ದೇವೆ.

ಬಣ್ಣದ ಡಬ್ಬಿ:
@ನೇರಮಾತು ಹೆಸರು ಪೂರ್ತಿ ವ್ಯಾಪಾರಿಯ ಕಲ್ಪನೆ ಅಲ್ಲ ಸರ್. ಮೊದಲ ಚಿತ್ರ ಮಾಡಿಸಿದವನು ಅಲೆಕ್ಸಾಂಡರ್ ಗುಂಥರ್. ಅವನಿಗೆ 1880ರಲ್ಲಿ ಬೋಕ್ಲಿನ್ ಬರೆದ ಪತ್ರದಲ್ಲೇ ಆ ಮಾತು ಇದೆ, ಗುರ್ಲಿಟ್ ಅಲ್ಲಿಂದ ಎತ್ತಿಕೊಂಡ. ಇನ್ನು ಹಣಕ್ಕಾಗಿ ಬರೆದ ಮಾತ್ರಕ್ಕೆ ಚಿತ್ರದಲ್ಲಿ ಭಾವ ಇರಬಾರದು ಅಂತ ಏನಿಲ್ಲವಲ್ಲ. ಹಣ ಕೊಟ್ಟವರು ಯಾರು, ಏನು ಕೇಳಿದರು ಅನ್ನೋದನ್ನೂ ನೋಡಿ.

ಬರ್ಲಿನ್ ಕನ್ನಡತಿ:
ಅದನ್ನೇ ಬರೆಯಬೇಕು ಎಂದುಕೊಂಡೆ! ಈ ಚಿತ್ರದ ಜೀವ ಇರುವುದೇ ಆ ಕತೆಯಲ್ಲಿ. 1880ರ ಏಪ್ರಿಲ್‌ನಲ್ಲಿ ಮರೀ ಬೆರ್ನಾ ಎಂಬ ಮಹಿಳೆ ಫ್ಲಾರೆನ್ಸ್‌ನಲ್ಲಿದ್ದ ಬೋಕ್ಲಿನ್‌ನ ಸ್ಟುಡಿಯೋಗೆ ಬಂದರು. ಗಂಡ ತೀರಿಕೊಂಡಿದ್ದರು. ಆಗ ಮೊದಲನೇ ಚಿತ್ರ ಇನ್ನೂ ಈಸೆಲ್ ಮೇಲೆ ಅರ್ಧ ಆಗಿತ್ತು. ಆಕೆಗೆ ಅದು ಮನಸ್ಸಿಗೆ ಹಿಡಿಸಿತು. ಕನಸು ಕಾಣುವುದಕ್ಕೆ ನನಗೂ ಇಂಥದೊಂದು ಚಿತ್ರ ಬೇಕು ಎಂದು ಕೇಳಿದರು. ಆಕೆಗಾಗಿ ಬರೆದ ಸ್ವಲ್ಪ ಚಿಕ್ಕ ಚಿತ್ರವೇ ಈಗ ನ್ಯೂಯಾರ್ಕ್‌ನಲ್ಲಿರುವುದು.

ಮುಖ್ಯ ವಿಷಯ ಇಲ್ಲಿದೆ. ದೋಣಿಯಲ್ಲಿ ಶವಪೆಟ್ಟಿಗೆ, ಬಿಳಿ ಆಕೃತಿ ಮೊದಲು ಇರಲಿಲ್ಲ. ಆಕೆ ಕೇಳಿದ ಮೇಲೆ ಬಂದವು. ಆಮೇಲೆ ಬೋಕ್ಲಿನ್ ಮೊದಲನೇ ಚಿತ್ರಕ್ಕೂ ಅವನ್ನು ಸೇರಿಸಿದ. ಎಂದರೆ ದುಃಖಪಟ್ಟವರು ಬಂದು ನಿಂತ ಮೇಲೆ ಆ ದೋಣಿಗೆ ಅರ್ಥ ಬಂತು. ಬಂಡೆ, ಮರ, ನೀರು ಎಲ್ಲಾ ಅದಕ್ಕೂ ಮೊದಲೇ ಇತ್ತು. ಆದರೆ ಅಲ್ಲಿಗೆ ಯಾರನ್ನೋ ಬಿಟ್ಟು ಬರಲು ಹೋಗುವವರು ಇರಲಿಲ್ಲ.

ಅಜ್ಜಿಮನೆ:
ಅಯ್ಯೋ ಪಾಪ. ಗಂಡ ಹೋದ ಬೆನ್ನಲ್ಲೇ ಹೋಗಿ ಚಿತ್ರ ಮಾಡಿಸಿದ್ದಾಳೆ. ಸಂಕಟ ಎಷ್ಟಿರಬೇಡ.

ಇತಿಹಾಸದ ಗೀಳು:
ಬೆನ್ನಲ್ಲೇ ಅಲ್ಲ ಅಮ್ಮ. ‘ಇತ್ತೀಚೆಗೆ ಗಂಡನನ್ನು ಕಳೆದುಕೊಂಡ ಹೆಂಗಸು’ ಅಂತ ಎಲ್ಲಾ ಕಡೆ ಬರೆಯುತ್ತಾರೆ. ಗಂಡ ಗೆಯೋರ್ಗ್ ಬೆರ್ನಾ ತೀರಿಕೊಂಡದ್ದು 1865ರಲ್ಲಿ, ಗಂಟಲಮಾರಿಯಿಂದ. ಆಕೆ ಸ್ಟುಡಿಯೋಗೆ ಹೋಗುವ ಹೊತ್ತಿಗೆ 15 ವರ್ಷ ಆಗಿತ್ತು. ಮತ್ತೊಂದು ಮದುವೆಗೂ ಸಿದ್ಧವಾಗಿದ್ದರು. ಆಮೇಲೆ ಒರಿಯೋಲಾ ಎಂಬ ಕೌಂಟ್‌ನ ಹೆಂಡತಿ ಆದರು.

ಮಲೆಗೆರೆ:
ಈ ವಿಷಯ ಗೊತ್ತಿರಲಿಲ್ಲ. ಇದರಿಂದ ಚಿತ್ರವೇ ಬೇರೆಯಾಗಿ ಕಾಣುತ್ತಿದೆ. ಹಸಿ ದುಃಖಕ್ಕೆ ಇಷ್ಟು ಶಾಂತಿ ಎಲ್ಲಿಂದ ಬರಬೇಕು ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. 15 ವರ್ಷದ ದುಃಖ ಎಂದರೆ ಅದರಲ್ಲಿ ಅಳು ಮುಗಿದಿರುತ್ತದೆ. ಹೊಸ ಮನೆಗೆ ಹೋಗುವ ಮೊದಲು ಹಳಬನನ್ನು ಒಂದು ಒಳ್ಳೆಯ ಜಾಗಕ್ಕೆ ತಲುಪಿಸಿ ಬರೋಣ ಎಂಬ ಮನಸ್ಸು ಇರಬಹುದು.

ನೇರಮಾತು:
ಇದು ಊಹೆ. ಆಕೆ ಮನಸ್ಸಿನಲ್ಲಿ ಏನಿತ್ತು ಎಂದು ನಮಗ್ಯಾರಿಗೂ ಗೊತ್ತಿಲ್ಲ.

ಮಲೆಗೆರೆ:
ಆಕೆಯ ಮನಸ್ಸು ಗೊತ್ತಿಲ್ಲ, ಒಪ್ಪಿದೆ. ಚಿತ್ರದಲ್ಲಿ ಏನು ಕಾಣುತ್ತದೆ ಎಂದು ಹೇಳಬಹುದಲ್ಲ? ಬಿಳಿ ಆಕೃತಿ ನಮಗೆ ಬೆನ್ನು ಹಾಕಿದೆ. ಮುಖ ಕಾಣುವುದಿಲ್ಲ. ಬಾಗಿ ಅಳುತ್ತಿಲ್ಲ, ಪೆಟ್ಟಿಗೆ ತಬ್ಬಿಕೊಂಡಿಲ್ಲ. ನೆಟ್ಟಗೆ ನಿಂತಿದೆ. ಇದನ್ನು ಹಸಿ ದುಃಖ ಅಂತ ಓದೋದು ಕಷ್ಟ.

ತಡಿಯ ದೋಣಿ:
ನಾನು ಕಡಲ ಕಡೆಯವನು. ಚಿತ್ರಕಲೆ ಗೊತ್ತಿಲ್ಲ, ದೋಣಿ ಗೊತ್ತು. ನೀವು ಹಾಕಿದ ಚಿತ್ರ ದೊಡ್ಡದು ಮಾಡಿ ನೋಡಿದೆ. ಒಂದು ಅನುಮಾನ. ಕೂತು ಎರಡು ಹುಟ್ಟು ಎಳೆಯುವವನು ಸಾಮಾನ್ಯವಾಗಿ ಹೋಗುವ ದಿಕ್ಕಿಗೆ ಬೆನ್ನು ಹಾಕಿರುತ್ತಾನೆ. ಹಾಗೆ ಎಳೆದರೇ ಬಲ ಸಿಗುವುದು. ಇಲ್ಲಿ ಅವನ ಮುಖ ದ್ವೀಪದ ಕಡೆಗಿದೆ. ಹಾಗಾದರೆ ದೋಣಿ ದ್ವೀಪಕ್ಕೆ ಹೋಗುತ್ತಿದೆಯೋ, ದ್ವೀಪದಿಂದ ವಾಪಸ್ ಬರುತ್ತಿದೆಯೋ ಮಾರಾಯ್ರೆ?

ಬಣ್ಣದ ಡಬ್ಬಿ:
ಈ ಪ್ರಶ್ನೆ ಎತ್ತಿದವರು ನೀವೇ ಮೊದಲಲ್ಲ. ದೋಣಿ ಹೊರಡುತ್ತಿದೆ ಎಂದು ವಾದ ಮಾಡುವವರು ಇದ್ದಾರೆ. ಆದರೆ ಮೆಡಿಟರೇನಿಯನ್ ಕಡೆ ಮುಂದಕ್ಕೆ ಮುಖ ಮಾಡಿ ಹುಟ್ಟು ತಳ್ಳುವ ಪದ್ಧತಿಯೂ ಇದೆ. ಬೋಕ್ಲಿನ್ ಇಟಲಿಯಲ್ಲಿ ಎಷ್ಟೋ ವರ್ಷ ಇದ್ದವನು, ಅಂಥದ್ದನ್ನು ನೋಡಿರುತ್ತಾನೆ.

ತಡಿಯ ದೋಣಿ:
ತಳ್ಳುವುದು ನಮ್ಮಲ್ಲೂ ಉಂಟು. ದಡ ಹತ್ತಿರ ಬಂದಾಗ, ಕಲ್ಲು ಇರುವ ಕಡೆ ಮುಂದೆ ನೋಡಿಕೊಂಡೇ ನಿಧಾನ ತಳ್ಳಬೇಕು. ಜೋರಾಗಿ ಹೋಗಲಿಕ್ಕೆ ಆಗುವುದಿಲ್ಲ. ಅವನು ದ್ವೀಪಕ್ಕೆ ಹೋಗುತ್ತಿರುವುದೇ ಹೌದಾದರೆ ತುಂಬಾ ಮೆಲ್ಲಗೆ ಹೋಗುತ್ತಿದ್ದಾನೆ. ಹಿಂದೆ ನೀರು ಸೀಳಿದ ಗೆರೆಯೂ ನನಗೆ ಸರಿಯಾಗಿ ಕಾಣಲಿಲ್ಲ. ಯಾರಿಗೂ ಅವಸರ ಇಲ್ಲ ಅಲ್ಲಿ.

ಮಲೆಗೆರೆ:
ಅವಸರ ಇಲ್ಲ! ನನ್ನ ಸಮಾಧಾನಕ್ಕೆ ಅರ್ಧ ಉತ್ತರ ಸಿಕ್ಕಿತು.

ರಾಗಮಾಲಿಕೆ:
ಹುಟ್ಟಿನ ಮಾತು ಬಂತು ಎಂದು ಹೇಳುತ್ತಿದ್ದೇನೆ. ರಷ್ಯಾದ ರಾಖ್ಮನಿನಾಫ್ ಇದೇ ಹೆಸರಿನ ವಾದ್ಯವೃಂದ ಕೃತಿ ಮಾಡಿದ್ದಾರೆ. 1907ರಲ್ಲಿ ಪ್ಯಾರಿಸ್‌ನಲ್ಲಿ ಈ ಚಿತ್ರದ ಕಪ್ಪು-ಬಿಳುಪು ಪ್ರತಿ ನೋಡಿದ್ದರು. 1909ರಲ್ಲಿ ಮಾಸ್ಕೋದಲ್ಲಿ ಮೊದಲ ಪ್ರದರ್ಶನ. ಶುರುವಿನ ಲೆಕ್ಕ ಐದರದು. ನಮ್ಮ ಖಂಡ ನಡೆ ಗೊತ್ತಿರುವವರು ಕೇಳಿ, ತಕ್ಷಣ ಹಿಡಿಯುತ್ತದೆ. ಎರಡು-ಮೂರು, ಮೂರು-ಎರಡು ಎಂದು ಒಳಗಿನ ಪಾಲು ಬದಲಾಗುತ್ತಾ ಹೋಗುತ್ತದೆ. ನಾಲ್ಕರ ಲೆಕ್ಕ ಆಗಿದ್ದರೆ ಹುಟ್ಟು ಹಾಕಿದ ಹಾಗೆ ಸಲೀಸಾಗಿ ಕೇಳುತ್ತಿತ್ತು. ಐದರಲ್ಲಿ ಪ್ರತಿ ಸಲವೂ ಏನೋ ಸ್ವಲ್ಪ ಎಳೆದ ಹಾಗೆ, ಪೂರ್ತಿ ಆಗದ ಹಾಗೆ ಇರುತ್ತದೆ. ಮಲೆಗೆರೆ ಅವರು ಹೇಳಿದ ಸಮಾಧಾನ, ಹೆದರಿಕೆ ಎರಡೂ ಅದರಲ್ಲಿವೆ.

ಇನ್ನೊಂದು ವಿಷಯ. ಆಮೇಲೆ ಅವರು ಬಣ್ಣದ ಮೂಲ ಚಿತ್ರ ನೋಡಿದಾಗ ಅಷ್ಟು ಹಿಡಿಸಲಿಲ್ಲವಂತೆ. ಮೊದಲೇ ಮೂಲ ನೋಡಿದ್ದರೆ ಈ ಸಂಗೀತ ಹುಟ್ಟುತ್ತಿರಲಿಲ್ಲವೇನೋ ಎಂಬ ಅರ್ಥದಲ್ಲಿ ಹೇಳಿದ್ದರು.

ನೇರಮಾತು:
ನೋಡಿ, ಅದೇ ನಾನು ಹೇಳುವುದು! ಬಣ್ಣವೇ ಇಲ್ಲದ ಪ್ರಿಂಟ್ ನೋಡಿ ಒಬ್ಬ ದೊಡ್ಡ ಸಂಗೀತಗಾರ ಕೃತಿ ಕಟ್ಟಿದ. ಎಂದರೆ ಭಾವ ನೋಡುವವನ ತಲೆಯಲ್ಲಿದೆ.

ರಾಗಮಾಲಿಕೆ:
ನನಗೆ ಇದು ಉಲ್ಟಾ ಕಾಣುತ್ತದೆ. ಬಣ್ಣ ತೆಗೆದರೂ ಭಾವ ಉಳಿಯಿತು. ಹಾಗಾದರೆ ಭಾವ ಇರುವುದು ಆಕಾರದಲ್ಲಿ, ಕತ್ತಲೆ-ಬೆಳಕಿನ ಹಂಚಿಕೆಯಲ್ಲಿ.

ಬಣ್ಣದ ಡಬ್ಬಿ:
ರಾಗಮಾಲಿಕೆ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಪ್ರಯೋಗ ಮಾಡಿ. ಚಿತ್ರವನ್ನು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಮಾಡಿ, ಕಣ್ಣು ಅರ್ಧ ಮುಚ್ಚಿ ನೋಡಿ. ಏನು ಉಳಿಯುತ್ತದೆ? ಎರಡೂ ಪಕ್ಕ ಬೆಳಕು ಬಿದ್ದ ಬಂಡೆ. ನಡುವೆ ಕಡುಗಪ್ಪು. ಕೆಳಗೆ ಒಂದೇ ಒಂದು ಚಿಕ್ಕ ಬಿಳಿ ಚುಕ್ಕೆ. ಕಣ್ಣು ಮೊದಲು ಆ ಬಿಳಿಗೆ ಹೋಗುತ್ತದೆ, ಅಲ್ಲಿಂದ ಮೇಲಕ್ಕೆ ಮರಗಳ ಕಪ್ಪಿಗೆ. ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಯಾಕೆಂದರೆ ಮರಗಳ ಹಿಂದೆ ಏನಿದೆ ಎಂದು ಅವನು ತೋರಿಸಿಯೇ ಇಲ್ಲ. ಬಂಡೆಗಳು ಎರಡೂ ಕಡೆಯಿಂದ ಕಣ್ಣನ್ನು ಒಳಕ್ಕೆ ತಂದು ಬಿಡುತ್ತವೆ, ಒಳಗೆ ಹೋದರೆ ದಾರಿ ಇಲ್ಲ. ಸುತ್ತ ನೀರು ಅಡ್ಡಡ್ಡ ಮಲಗಿದೆ, ಅದು ಶಾಂತಿ. ಮರಗಳು ಉದ್ದಕ್ಕೆ ನಿಂತಿವೆ, ಅಲ್ಲಿ ಹೆದರಿಕೆ. ಮಲೆಗೆರೆ, ನಿಮಗೆ ಮೊದಲು ಸಮಾಧಾನ, ಆಮೇಲೆ ಭಯ ಆಗುವ ಕ್ರಮ ಕಣ್ಣು ಹೋಗುವ ಕ್ರಮವೇ.

ಪಟ್ಟಿ ಇಟ್ಟುಕೊಂಡು ನೋಡಿದರೆ ಇದು ಕಾಣುವುದಿಲ್ಲ. ಬೋಕ್ಲಿನ್‌ನನ್ನು ಸಿಂಬಾಲಿಸ್ಟ್ ಎಂಬ ಕಲಾ ಪಂಥಕ್ಕೆ ಸೇರಿಸುತ್ತಾರೆ. ಸಿಂಬಾಲಿಸ್ಟ್ ಚಿತ್ರ ಎಂದರೆ ಒಂದೊಂದು ವಸ್ತುವಿಗೂ ಒಂದೊಂದು ಅರ್ಥದ ಚೀಟಿ ಅಂಟಿಸುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಹಳೆಯ ಕಾಲದ ರೂಪಕ ಚಿತ್ರಗಳ ರೀತಿ. ತಕ್ಕಡಿ ಹಿಡಿದರೆ ನ್ಯಾಯ, ಮರಳುಗಡಿಯಾರ ಇದ್ದರೆ ಕಾಲ. ಸಿಂಬಾಲಿಸ್ಟರು ವಸ್ತುವನ್ನು ಹೆಸರಿಸದೆ ಅದರ ಪರಿಣಾಮವನ್ನು ಮಾತ್ರ ನಮಗೆ ದಾಟಿಸಲು ನೋಡಿದರು.

ಇತಿಹಾಸದ ಗೀಳು:
ಒಂದು ತಿದ್ದುಪಡಿ. ಕವಿ ಜಾನ್ ಮೊರೆಯಾಸ್ ಪ್ಯಾರಿಸ್‌ನ ಪತ್ರಿಕೆಯಲ್ಲಿ ಸಿಂಬಾಲಿಸಂ ಪ್ರಣಾಳಿಕೆ ಹಾಕಿದ್ದು 1886ರ ಸೆಪ್ಟೆಂಬರ್‌ನಲ್ಲಿ. ಬೋಕ್ಲಿನ್ ಮೊದಲನೇ ದ್ವೀಪ ಬರೆದದ್ದು 1880ರಲ್ಲಿ. ಅವನು ಯಾವ ಗುಂಪಿಗೂ ಸೇರಿ ಬರೆದದ್ದಲ್ಲ. ನಾವು ಆಮೇಲೆ ಸೇರಿಸಿದ್ದು.

ಬಣ್ಣದ ಡಬ್ಬಿ:
ಸರಿ, ಆದರೆ ಪ್ರಣಾಳಿಕೆ ಬಂದ ಮೇಲೆ ಚಳವಳಿ ಹುಟ್ಟುವುದಿಲ್ಲ. ಹುಟ್ಟಿದ್ದಕ್ಕೆ ಹೆಸರಿಡುತ್ತಾರೆ, ಅಷ್ಟೇ.

ಹಸಿರುಗರಿ:
ಸೈಪ್ರೆಸ್ ಬಗ್ಗೆ ಎರಡು ಮಾತು. ಇದು ಸುಮ್ನೆ ಆರಿಸಿದ ಮರ ಅಲ್ಲ. ಮೆಡಿಟರೇನಿಯನ್ ಊರುಗಳಲ್ಲಿ ಸಮಾಧಿಗಳ ಹತ್ತಿರ ಸೈಪ್ರೆಸ್ ನೆಡುವುದು ಸಾವಿರಾರು ವರ್ಷದ ರೂಢಿ. ರೋಮನ್ನರು ಅದನ್ನು ಪಾತಾಳದ ದೇವರಿಗೆ ಮೀಸಲು ಎಂದರು. ಅವರು ಕೊಟ್ಟ ಕಾರಣ ಒಂದು ಸಲ ಕಡಿದರೆ ಅದು ಮತ್ತೆ ಚಿಗುರುವುದಿಲ್ಲ ಎಂದು. ಆದರೆ ಅದು ವರ್ಷವಿಡೀ ಹಸಿರಾಗಿರುವ ಮರ, ನೂರಾರು ವರ್ಷ ಬಾಳುತ್ತದೆ. ಚಿಗುರದ್ದೂ ಅದೇ, ಬಾಡದ್ದೂ ಅದೇ. ನಮ್ಮ ಕಡೆ ಸ್ಮಶಾನದ ಹತ್ತಿರ ದೇವಕಣಗಿಲೆ ಇರುತ್ತದಲ್ಲ, ಅದನ್ನು ನೋಡಿದರೆ ನಮಗೇ ಒಂಥರಾ ಆಗುತ್ತದೆ. ಫ್ಲಾರೆನ್ಸ್‌ನವರಿಗೆ ಸೈಪ್ರೆಸ್ ನೋಡಿದರೆ ಆಗುವುದೂ ಅದೇ ಇರಬೇಕು. ಚಿತ್ರ ಅಲ್ಲಿಯವರಿಗೆ ನಮಗಿಂತ ಬೇಗ ತಾಗುತ್ತದೆ.

ಅಜ್ಜಿಮನೆ:
ಹೌದಮ್ಮ, ನಮ್ಮ ಬೀದಿಯಲ್ಲಿ ದೇವಕಣಗಿಲೆ ಮನೆ ಮುಂದೆ ಹಾಕಲು ಹಿರಿಯರು ಬಿಡುತ್ತಲೇ ಇರಲಿಲ್ಲ. ಈಗ ಅಪಾರ್ಟ್‌ಮೆಂಟುಗಳ ಮುಂದೆಲ್ಲಾ ಅದೇ.

ತಡಿಯ ದೋಣಿ:
ದೋಣಿಯವನು ಯಾರು ಹಾಗಾದರೆ? ನಮ್ಮ ವೈತರಣಿ ಕತೆಯ ಹಾಗಾ?

ಇತಿಹಾಸದ ಗೀಳು:
ಗ್ರೀಕರ ಕತೆಯಲ್ಲಿ ಖಾರನ್ ಎಂಬ ಅಂಬಿಗ ಇದ್ದಾನೆ. ಸತ್ತವರನ್ನು ನದಿ ದಾಟಿಸುತ್ತಾನೆ. ಅವನಿಗೆ ಕೊಡಲು ಹೆಣದ ಬಾಯಲ್ಲಿ ನಾಣ್ಯ ಇಡುತ್ತಿದ್ದರು. ಹೆಚ್ಚಿನವರು ಇವನನ್ನು ಖಾರನ್ ಎಂದೇ ಹೇಳುತ್ತಾರೆ.

ಬರ್ಲಿನ್ ಕನ್ನಡತಿ:
ನನಗೆ ಅವನು ಖಾರನ್ ಅನ್ನಿಸುವುದಿಲ್ಲ. ಖಾರನ್ ಸತ್ತವರನ್ನು ಮಾತ್ರ ದಾಟಿಸುವವನು, ಬದುಕಿದವರಿಗೆ ಆ ದೋಣಿಯಲ್ಲಿ ಜಾಗ ಇಲ್ಲ. ಇಲ್ಲಿ ಪೆಟ್ಟಿಗೆ ಜೊತೆ ಇನ್ನೊಬ್ಬರು ನಿಂತಿದ್ದಾರೆ. ಇದು ಶವಸಂಸ್ಕಾರಕ್ಕೆ ಹೋಗುವ ದೋಣಿ.

ಹಸಿರುಗರಿ:
ನಿಂತಿರುವುದು ಸತ್ತವನ ಆತ್ಮವೇ ಇರಬಹುದಲ್ಲ? ದೇಹ ಪೆಟ್ಟಿಗೆಯಲ್ಲಿ, ಆತ್ಮ ಎದ್ದು ನಿಂತಿದೆ. 1880ರ ಯುರೋಪಿನಲ್ಲಿ ವಿಧವೆ ಉಡುತ್ತಿದ್ದದ್ದು ಕಪ್ಪು. ಬಿಳಿ ಯಾಕೆ?

ಬರ್ಲಿನ್ ಕನ್ನಡತಿ:
ಕೇಳಿದವರೇ ಗಂಡನ ನೆನಪಿಗೆ ಮಾಡಿಸಿದ ಹೆಂಡತಿ. ಪೆಟ್ಟಿಗೆ ಗಂಡನದು, ನಿಂತದ್ದು ತಾನು ಎಂದು ಓದುವುದು ಸಹಜ. ನಾವು ಕನ್ನಡಿಗರು ನೋಡಿದರೆ ಬಿಳಿ ಸೀರೆಯ ವಿಧವೆ ತಕ್ಷಣ ನೆನಪಾಗುತ್ತಾಳೆ, ಆದರೆ ಆ ನೆನಪನ್ನು ಬೋಕ್ಲಿನ್ ಮೇಲೆ ಹೇರಬಾರದು. ಅಲ್ಲಿಯವರಿಗೆ ಬಿಳಿ ಎಂದರೆ ಹೆಣಕ್ಕೆ ಸುತ್ತುವ ಬಟ್ಟೆ. ಬದುಕಿದವಳಿಗೂ ಅದೇ ಬಟ್ಟೆ ಹೊದಿಸಿದ್ದಾನೆ. ಪೆಟ್ಟಿಗೆಗೂ ಅದೇ ಬಿಳಿ. ಯಾರು ಹೋದವರು, ಯಾರು ಉಳಿದವರು ಎಂದು ದೂರದಿಂದ ಬೇರೆ ಮಾಡಲು ಆಗುವುದೇ ಇಲ್ಲ. ದುಃಖದಲ್ಲಿರುವವರಿಗೆ ಹಾಗೇ ತಾನೇ ಅನ್ನಿಸುವುದು?

ಹಸಿರುಗರಿ:
ಆಹಾ. ಆದರೂ ನಾನು ಆತ್ಮದ ಪಕ್ಷವೇ.

ರಾಗಮಾಲಿಕೆ:
ಹೆಂಡತಿ ಪಕ್ಷಕ್ಕೆ ನನ್ನದೂ ಒಂದು ಓಟು.

ನೇರಮಾತು:
ಬೋಕ್ಲಿನ್ ಏನಾದರೂ ಹೇಳಿದ್ದಾನಾ? ಅದನ್ನು ಹೇಳಿ. ಉಳಿದದ್ದು ನಮ್ಮ ನಮ್ಮ ಇಷ್ಟ.

ಬಣ್ಣದ ಡಬ್ಬಿ:
ಅರ್ಥ ಇದು ಎಂದು ಅವನು ಎಲ್ಲೂ ಬಿಡಿಸಿ ಹೇಳಲಿಲ್ಲ. ಪರಿಣಾಮದ ಬಗ್ಗೆ ಹೇಳಿದ್ದಾನೆ. ಇದು ಕನಸಿನ ಚಿತ್ರ, ಎಷ್ಟು ನಿಶ್ಶಬ್ದ ಇರಬೇಕೆಂದರೆ ಯಾರಾದರೂ ಬಾಗಿಲು ತಟ್ಟಿದರೆ ನೋಡುವವರು ಬೆಚ್ಚಿಬೀಳಬೇಕು ಎಂಬ ಅರ್ಥದ ಮಾತು. ಅವನಿಗೆ ಬೇಕಾಗಿದ್ದದ್ದು ಈ ಅನುಭವ. ಮಲೆಗೆರೆ ಅವರ ಸಣ್ಣ ಹೆದರಿಕೆಗೂ ಇಲ್ಲೇ ಕಾರಣ ಇದೆ.

ಅವನ ಜೀವನವನ್ನೂ ನೋಡಿ. 14 ಮಕ್ಕಳು ಹುಟ್ಟಿದರು, ಹಲವರು ಚಿಕ್ಕಂದಿನಲ್ಲೇ ತೀರಿಕೊಂಡರು. ಮರಿಯಾ ಎಂಬ ಹಸುಗೂಸನ್ನು ಫ್ಲಾರೆನ್ಸ್‌ನ ಇಂಗ್ಲಿಷ್ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಸ್ಟುಡಿಯೋ ಅದರ ಹತ್ತಿರವೇ. ಆ ಸ್ಮಶಾನ ಒಂದು ದಿಬ್ಬ, ಮೇಲೆ ಸೈಪ್ರೆಸ್ ಮರಗಳು. ಈಗ ಸುತ್ತ ರಸ್ತೆ ಹಾದು ನಡುವೆ ದ್ವೀಪವಾಗಿಯೇ ಉಳಿದಿದೆ. ಚಿತ್ರದ ದ್ವೀಪಕ್ಕೆ ಮೂಲ ಗ್ರೀಸ್‌ನ ಕಾರ್ಫು ಹತ್ತಿರದ ಪೊಂಟಿಕೊನಿಸಿ ದ್ವೀಪ ಎನ್ನುವವರಿದ್ದಾರೆ, ಇಟಲಿಯ ಇಸ್ಕಿಯಾ ದ್ವೀಪ ಎನ್ನುವವರೂ ಇದ್ದಾರೆ. ಮಗುವನ್ನು ಮಣ್ಣು ಮಾಡಿದ ಜಾಗ ಕಣ್ಣೆದುರಿಗೇ ಇರುವಾಗ ಅಷ್ಟು ದೂರ ಹೋಗಬೇಕಾ ಅನ್ನಿಸುತ್ತದೆ ನನಗೆ.

ಬರ್ಲಿನ್ ಕನ್ನಡತಿ:
ಇದಕ್ಕೆ ಸೇರಿಸುತ್ತೇನೆ. ಬರ್ಲಿನ್‌ನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿರುವ 1883ರ ಚಿತ್ರದ ಮುಂದೆ ನಿಂತರೆ ಬಲಗಡೆ ಬಂಡೆಯ ಒಂದು ಸಮಾಧಿ ಕೋಣೆಯ ಬಾಗಿಲ ಮೇಲೆ ಎ. ಬಿ. ಎಂಬ ಅಕ್ಷರ ಕಾಣುತ್ತದೆ. ಅರ್ನಾಲ್ಡ್ ಬೋಕ್ಲಿನ್. ಸಹಿಯನ್ನು ಮೂಲೆಯಲ್ಲಿ ಹಾಕುವ ಬದಲು ಗೋರಿ ಮೇಲೆ ಹಾಕಿಕೊಂಡಿದ್ದಾನೆ. @ನೇರಮಾತು ಸರ್, ಬರೀ ವ್ಯಾಪಾರಕ್ಕೆ ಬರೆಯುವವನು ಹೀಗೆ ಮಾಡುತ್ತಾನಾ? ಅದೇ ಗ್ಯಾಲರಿಯಲ್ಲಿ ಅವನ 1872ರ ಸ್ವಂತ ಭಾವಚಿತ್ರವೂ ಇದೆ. ಕುಂಚ ಹಿಡಿದು ನಿಂತಿದ್ದಾನೆ, ಹಿಂದೆ ಸಾವು ಪಿಟೀಲು ನುಡಿಸುತ್ತಿದೆ. ಅವನು ಕಿವಿಗೊಟ್ಟು ಕೇಳುತ್ತಿದ್ದಾನೆ.

ನೇರಮಾತು:
ಗೋರಿ ಮೇಲಿನ ಅಕ್ಷರ ಗಟ್ಟಿ ಪುರಾವೆ, ಅದನ್ನು ತಳ್ಳಿಹಾಕಲ್ಲ. ಆದರೆ ಇನ್ನೊಂದು ಪ್ರಶ್ನೆ. ಈ ಬರ್ಲಿನ್ ಚಿತ್ರವನ್ನೇ ಹಿಟ್ಲರ್ ಕೊಂಡುಕೊಂಡಿದ್ದು. ಲಕ್ಷಾಂತರ ಜನರನ್ನು ಕೊಲ್ಲಿಸಿದವನಿಗೂ ಇದೇ ಚಿತ್ರ ಇಷ್ಟ ಆಗಿತ್ತು. ದುಃಖಪಟ್ಟವರ ಚಿತ್ರ ಎಂದರೆ ಇದಕ್ಕೆ ಏನು ಹೇಳುತ್ತೀರಿ?

ಇತಿಹಾಸದ ಗೀಳು:
1936ರಲ್ಲಿ ಕೊಂಡ, ನಿಜ. ಆದರೆ ಆ ಹೊತ್ತಿಗಾಗಲೇ ಈ ಚಿತ್ರ ಜರ್ಮನಿಯಲ್ಲಿ ಮನೆಮಾತು. 1890ರಲ್ಲಿ ಜರ್ಮನ್ ಕಲಾವಿದ ಮ್ಯಾಕ್ಸ್ ಕ್ಲಿಂಗರ್ ಇದರ ಎಚಿಂಗ್ (ಲೋಹದ ತಗಡಿನಿಂದ ಅಚ್ಚು ಹಾಕುವ ಚಿತ್ರ) ಮಾಡಿದ ಮೇಲೆ ಪ್ರತಿಗಳು ಮಧ್ಯಮ ವರ್ಗದ ಮನೆಮನೆಯ ಗೋಡೆಗೆ ಬಂದವು. ಅವನೊಬ್ಬ ಇಷ್ಟಪಟ್ಟ ಎಂದು ಅಷ್ಟು ಜನರ ಮನೆಯ ಚಿತ್ರವನ್ನು ಅವನ ಲೆಕ್ಕಕ್ಕೆ ಬರೆಯುವುದು ನ್ಯಾಯ ಅಲ್ಲ.

ಬರ್ಲಿನ್ ಕನ್ನಡತಿ:
ಇಲ್ಲಿ ನೇರಮಾತು ಅವರ ಪ್ರಶ್ನೆ ನನ್ನನ್ನು ನಿಜವಾಗಿ ಕಾಡುತ್ತದೆ. ಚಿತ್ರದಲ್ಲಿ ಸಾವಿಗೆ ಘನತೆ ಇದೆ, ನೋವು ಕಾಣುವುದಿಲ್ಲ. ಸಾವನ್ನು ದೊಡ್ಡದು ಮಾಡಿ ಮೆರೆಸುವವರಿಗೆ ಅದು ಅನುಕೂಲ ಆಗಿರಬಹುದು. ಚಿತ್ರದ ಶಕ್ತಿ ಎಲ್ಲಿದೆಯೋ ಅಪಾಯವೂ ಅಲ್ಲೇ ಇದೆ.

ಅಜ್ಜಿಮನೆ:
ಮನೆಮನೆಯ ಗೋಡೆಗಾ? ನಮ್ಮಲ್ಲಾದರೆ ಹೆಣದ ಪೆಟ್ಟಿಗೆ ಇರುವ ಚಿತ್ರ ಯಾರೂ ಹಾಕಲ್ಲಪ್ಪ. ಮಲೆಗೆರೆ, ನೀನು ಫ್ರೇಮ್ ಹಾಕಿಸುವ ಯೋಚನೆ ಮಾಡಿದ್ದರೆ ಬಿಡು ಮಗಾ.

ಮಲೆಗೆರೆ:
ಅಮ್ಮ, ನಮ್ಮ ಮನೆಗಳಲ್ಲೂ ತೀರಿಕೊಂಡವರ ಫೋಟೋಗೆ ಹಾರ ಹಾಕಿ ನಡುಮನೆಯಲ್ಲೇ ಇಡುತ್ತೇವಲ್ಲ. ದಿನಾ ಕಣ್ಣಿಗೆ ಬೀಳಲಿ ಎಂದೇ ತಾನೇ ಇಡುವುದು? ಹಾಕಿಸುವ ಆಸೆ ಇದೆ. ಓದುವ ಕೋಣೆಯಲ್ಲಿ.

ಅಜ್ಜಿಮನೆ:
ಫೋಟೋ ನಮ್ಮವರದು. ಇದು ಯಾರದೋ. ವ್ಯತ್ಯಾಸ ಇದೆ.

ಹಸಿರುಗರಿ:
ದಕ್ಷಿಣದ ಗೋಡೆಗೆ ಹಾಕಿ, ಅಜ್ಜಿಮನೆಯವರಿಗೂ ಸಮಾಧಾನ ಆಗಲಿ. 😊

ರಾಗಮಾಲಿಕೆ:
ನೋವು ಕಾಣುವುದಿಲ್ಲ ಎಂಬ ಮಾತಿಗೆ ವಾಪಸ್ ಬರುತ್ತೇನೆ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್‌ನ ‘ರೋಗಿಯ ಕೋಣೆಯಲ್ಲಿ ಸಾವು’ ಪಕ್ಕದಲ್ಲಿಟ್ಟು ನೋಡಿ. 1893ರ ಚಿತ್ರ. ಅವನ ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ಸತ್ತಳು, 15 ವರ್ಷದವಳು. ಚಿತ್ರದಲ್ಲಿ ಮನೆಯವರೆಲ್ಲ ಕೋಣೆಯಲ್ಲಿದ್ದಾರೆ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿಲ್ಲ. ಸಾಯುತ್ತಿರುವವಳು ಕುರ್ಚಿಯಲ್ಲಿ, ಕುರ್ಚಿಯ ಬೆನ್ನು ನಮ್ಮ ಕಡೆ. ಅವಳು ಕಾಣುವುದೇ ಇಲ್ಲ. ತಂಗಿ ಇಂಗೆರ್ ಒಬ್ಬಳೇ ನಮ್ಮ ಕಡೆ ತಿರುಗಿ ನಿಂತಿದ್ದಾಳೆ, ಆ ಮುಖ ನೋಡಲಿಕ್ಕಾಗುವುದಿಲ್ಲ.

ಮಲೆಗೆರೆ:
ಅಲ್ಲೂ ಸತ್ತವರು ಕಾಣುವುದಿಲ್ಲ, ಇಲ್ಲೂ ಇಲ್ಲ. ಇಬ್ಬರೂ ಉಳಿದವರನ್ನೇ ಬರೆದಿದ್ದಾರೆ.

ರಾಗಮಾಲಿಕೆ:
ಹೌದು. ಇನ್ನೊಂದು ಸೂಕ್ಷ್ಮ ಇದೆ. ಸಾವು 1877ರದ್ದಾದರೂ ಮನೆಯವರನ್ನು ಆಗಿನ ವಯಸ್ಸಿನಲ್ಲಿ ಬರೆದಿಲ್ಲ, ಚಿತ್ರ ಬರೆಯುವಾಗಿನ ವಯಸ್ಸಿನಲ್ಲಿ ಬರೆದಿದ್ದಾನೆ. ಮಕ್ಕಳು ದೊಡ್ಡವರಾದರು, ಆ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಮರೀ ಬೆರ್ನಾಗೆ 15 ವರ್ಷ, ಮುಂಕ್‌ಗೆ 16. ಹೆಚ್ಚುಕಡಿಮೆ ಅಷ್ಟೇ ಹಳೆಯ ದುಃಖ. ಒಬ್ಬರಿಗೆ ದೋಣಿ ಸಿಕ್ಕಿತು, ಇನ್ನೊಬ್ಬನಿಗೆ ಬಾಗಿಲೇ ಸಿಗಲಿಲ್ಲ.

ಬಣ್ಣದ ಡಬ್ಬಿ:
ಎಂಥಾ ಮಾತು ಹೇಳಿದಿರಿ. ಮುಂಕ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಅಲ್ಲಿ ಹೇಳುವುದು ತುಂಬಾ ಇದೆ.

ತಡಿಯ ದೋಣಿ:
ಮೊದಲು ನನ್ನ ಪ್ರಶ್ನೆ ಬಗೆಹರಿಯಲಿ. ಹೋಗುತ್ತಿದೆಯಾ, ಬರುತ್ತಿದೆಯಾ?

ಬರ್ಲಿನ್ ಕನ್ನಡತಿ:
ನನ್ನ ಮಟ್ಟಿಗೆ ಹೋಗುತ್ತಿದೆ. ಪೆಟ್ಟಿಗೆ ಇನ್ನೂ ದೋಣಿಯಲ್ಲೇ ಇದೆ, ಇಳಿಸಿಲ್ಲ. ಇಳಿಸದೆ ಯಾಕೆ ವಾಪಸ್ ಬರುತ್ತಾರೆ?

ತಡಿಯ ದೋಣಿ:
ಇಳಿಸಲು ಮನಸ್ಸು ಬರದಿದ್ದರೆ ಬರಬಹುದಲ್ಲ.

ನೇರಮಾತು:
ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಲೈಪ್‌ಜಿಗ್‌ನ ಐದನೇ ಚಿತ್ರದ ಒಳ್ಳೆಯ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಹಾಕಿ. ಅದರಲ್ಲಿ ಹುಟ್ಟು ಯಾವ ಕೋನದಲ್ಲಿದೆ ನೋಡೋಣ.

ಬಣ್ಣದ ಡಬ್ಬಿ:
ಸಂಜೆ ಹಾಕುತ್ತೇನೆ. ಬಾಸೆಲ್‌ಗೆ ಹೋಗುವವರು ಅಲ್ಲೇ ಇರುವ ಅವನ 1888ರ ‘ಬದುಕಿನ ದ್ವೀಪ’ವನ್ನೂ ನೋಡಿ ಬನ್ನಿ. ಅದರಲ್ಲಿ ಜನ ಇದ್ದಾರೆ, ಹಂಸಗಳಿವೆ, ಹಸಿರಿದೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ, ಎಲ್ಲವನ್ನೂ ತೋರಿಸಿಬಿಟ್ಟಿದ್ದಾನೆ. ಬೇರೆಯವರು ಏನನ್ನುತ್ತೀರಿ?